ಬಾಟಲಿಯ ತಳದ ಹರಳು

ಅವನು ಮೊದಲ ಸಲ ಮನೆಗೆ ಬಂದದ್ದು ಒಂದು ರಜೆಯ ಮಧ್ಯಾಹ್ನ. ಮಗಳು ಮುಂದೆ, ಅವನು ಹಿಂದೆ. ಬಾಗಿಲ ಹೊರಗೆ ಬಗ್ಗಿ ಅವನು ಬೂಟಿನ ದಾರ ಬಿಚ್ಚುತ್ತಿದ್ದಾಗಲೇ, ಕಣ್ಣಿನ ಚುರುಕಿಗೆ ಎಲ್ಲರೂ ದುರ್ಬೀನಕ್ಕ ಎಂದು ಕರೆಯುತ್ತಿದ್ದ ಅವಳ ಅಮ್ಮ ಕಿಟಕಿಯ ಪರದೆಯ ಸಂದಿಯಿಂದ ಅರ್ಧ ತನಿಖೆ ಮುಗಿಸಿದ್ದಳು. ಬೂಟಿನ ಮೂತಿಗೆ ಪಾಲಿಶ್ ಬಿದ್ದಿತ್ತು. ಹಿಮ್ಮಡಿಯಲ್ಲಿ ಹಳೆಯ ಕೆಸರು ಹಾಗೇ ಇತ್ತು. ಎದುರಿಗೆ ಕಾಣುವಷ್ಟನ್ನು ಮಾತ್ರ ಹೊಳೆಸಿಕೊಂಡು ಬಂದಿದ್ದಾನೆ ಎಂದು ಅವಳು ಮನಸ್ಸಿನಲ್ಲೇ ಗುರುತು ಹಾಕಿಕೊಂಡಳು. ಕೈಯಲ್ಲಿ ಹಣ್ಣಿನ ಚೀಲ, ನಡುಬೆರಳಿನ ತುದಿಗೆ ಮಸಿ. ತಲೆ ಬಾಚಿದ್ದು ಸರಿಯಾಗಿತ್ತು. ಸ್ವಲ್ಪ ಅತಿಯಾಗಿಯೇ ಸರಿಯಾಗಿತ್ತು.

ಮನೆ ಎಂದರೆ ವೈನ್ ಕಾರ್ಖಾನೆಯ ಹಿಂಗೋಡೆಗೆ ಎದುರಾಗಿ ನಿಂತ ಸಾಲುಮನೆಗಳಲ್ಲಿ ಒಂದು. ಮುಂದಿನ ಕೋಣೆಯಲ್ಲಿ ಮೇಣಬಟ್ಟೆ ಹಾಸಿದ ಮೇಜು, ಮೇಣಬಟ್ಟೆಯ ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟ ಗುರುತು, ಆ ಗುರುತನ್ನು ಮುಚ್ಚಲು ಇಟ್ಟ ಸಕ್ಕರೆ ಡಬ್ಬಿ. ಕಿಟಕಿಯಾಚೆ ಖಾಲಿ ಬಾಟಲಿಗಳ ಕ್ರೇಟುಗಳು ಆಳೆತ್ತರಕ್ಕೆ ಪೇರಿಸಿಕೊಂಡು ನಿಂತಿದ್ದವು. ಆ ಹೊತ್ತಿನಲ್ಲಿ ಬಿಸಿಲು ಬಾಟಲಿಗಳ ಮೇಲೆ ಬಿದ್ದು ಹಸಿರಾಗಿ ಕೋಣೆಯೊಳಗೆ ಬರುತ್ತಿತ್ತು. ದುರ್ಬೀನಕ್ಕ ಅವನನ್ನು ಬೆಳಕು ನೇರ ಮುಖಕ್ಕೆ ಬೀಳುವ ಕುರ್ಚಿಯಲ್ಲೇ ಕೂರಿಸಿದಳು. ಅವನು ಕುರ್ಚಿಯ ತುದಿಗೆ ಕೂತ.

ಅವಳು ನೀರು ತಂದಳು. ಕೊಡುವ ಮೊದಲು ಗಾಜಿನ ಲೋಟವನ್ನು ಕಿಟಕಿಗೆ ಹಿಡಿದು, ಅರ್ಧ ಸುತ್ತು ತಿರುಗಿಸಿ, ತಳ ನೋಡಿ, ಆಮೇಲೆ ಮುಂದೆ ಚಾಚಿದಳು. ಅವಳಿಗೆ ಅದು ಉಸಿರಾಡಿದಷ್ಟೇ ಸಹಜ. ಅವನು ಲೋಟ ತೆಗೆದುಕೊಂಡ. ಒಂದು ಕ್ಷಣ ಯೋಚಿಸಿದ. ತಾನೂ ಅದನ್ನು ಕಿಟಕಿಗೆ ಹಿಡಿದು, ಅರ್ಧ ಸುತ್ತು ತಿರುಗಿಸಿ, ತಳ ನೋಡಿ, ಆಮೇಲೆ ಕುಡಿದ. ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ದುರ್ಬೀನಕ್ಕ ನಗಲಿಲ್ಲ. ಇವನು ಈ ಮನೆಯ ರೀತಿಯೇ ಹೀಗೆ ಎಂದುಕೊಂಡನೋ, ಅಥವಾ ತನ್ನನ್ನು ಅಣಕಿಸಿದನೋ? ಅಂದಿನಿಂದ ಎಷ್ಟೋ ದಿನ ಅವಳಿಗೆ ಇದು ಬಗೆಹರಿಯಲೇ ಇಲ್ಲ.

"ಏನಪ್ಪಾ ಕೆಲಸ ನಿಂದು?"

"ನಿಮ್ಮ ಕಾರ್ಖಾನೆಯಲ್ಲೇ ಅಮ್ಮ. ರಫ್ತು ಆಫೀಸಲ್ಲಿ. ಹೊರದೇಶದವರು ಬಂದಾಗ ಅವರ ಮಾತು ನಮ್ಮವರಿಗೆ, ನಮ್ಮ ಮಾತು ಅವರಿಗೆ ಹೇಳೋದು. ಮತ್ತೆ, ಬಾಟಲಿ ಹಿಂದಿನ ಲೇಬಲ್ ಬರೆಯೋದು."

"ಬಿಳಿ ವೈನಿಗೆ ಒದ್ದೆ ಕಲ್ಲಿನ ಪರಿಮಳ ಅಂತ ಬರೆದೋನು ನೀನೇನಾ?"

ಅವನ ಮುಖ ಅರಳಿತು. "ಓದಿದ್ರಾ?"

"ನಮ್ಮ ಸೂಪರ್‌ವೈಸರಮ್ಮ ಅರ್ಥ ಹೇಳಿದ್ರು. ಒಂದು ವಾರ ನಮ್ಮ ಕಡೆಯ ಹೆಂಗಸರೆಲ್ಲ ಅಂಗಳದ ಕಲ್ಲು ಮೂಸಿದ್ದೇ ಮೂಸಿದ್ದು. ಯಾರಿಗೂ ಏನೂ ಬರಲಿಲ್ಲ. ಕೆಂಪು ವೈನಿಗೆ ಚರ್ಮದ ವಾಸನೆ ಅಂತಾನೂ ಬರೆದಿದ್ದೀಯಂತೆ?"

"ಅದು ಹೊಗಳಿಕೆ ಅಮ್ಮ. ಅಲ್ಲಿಯವರಿಗೆ ಹಾಗೆ ಬರೆದ್ರೆ ಇಷ್ಟ."

"ಅಲ್ಲಿಯವರಿಗೆ ಏನು ಇಷ್ಟವೋ ಅದನ್ನ ಬರೀತೀಯ. ಇಲ್ಲಿ ಕೂತು ನನಗೆ ಏನು ಇಷ್ಟವೋ ಅದನ್ನ ಹೇಳಲ್ಲ ಅಂತ ನಾನು ಹೇಗೆ ನಂಬಲಿ?"

ಮೂಲೆಯಲ್ಲಿದ್ದ ದುರ್ಬೀನಕ್ಕನ ಗಂಡ ಹುಡುಗನ ನೆರವಿಗೆ ಬಂದ. ಆತ ಕಾರ್ಖಾನೆಯ ಬಡಗಿ. ವೈನಿನ ಪೆಟ್ಟಿಗೆಗಳ ಕೆಳಗೆ ಇಡುವ ಮರದ ಹಲಗೆಗಳಿಗೆ ಮೊಳೆ ಹೊಡೆದೂ ಹೊಡೆದೂ ಕಿವಿ ಅರ್ಧ ಹೋಗಿತ್ತು; ಬೇಕಾದ ಮಾತು ಮಾತ್ರ ಹೇಗೋ ಕೇಳಿಸುತ್ತಿತ್ತು.

"ಹೆದರಬೇಡಪ್ಪಾ. ನನ್ನನ್ನೂ ಹೀಗೇ ಬೆಳಕಿಗೆ ಹಿಡಿದು ನೋಡಿದ್ಲು. ತಳದಲ್ಲಿ ಏನೂ ಸಿಗಲಿಲ್ಲ. ಆ ಬೇಜಾರಿಗೇ ಮದುವೆಯಾದ್ಲು."

ಅವನು ಹೋದ ಮೇಲೆ ಮಗಳು ಲೋಟ ತೊಳೆಯುತ್ತ ಕೇಳಿದಳು. "ಹೇಗಿದ್ದಾನಮ್ಮ?"

"ಬಾಟಲಿ ಚೆನ್ನಾಗಿದೆ. ಒಳಗೇನಿದೆಯೋ."

"ನೀನು ಹೂಂ ಅನ್ನೋವರೆಗೂ ನಾನು ಮದುವೆ ಆಗಲ್ಲ. ಆದರೆ ಊಹೂಂ ಅನ್ನೋದಾದ್ರೆ ಕಂಡಿದ್ದನ್ನ ತೋರಿಸಿ ಹೇಳಬೇಕು. ನಿಮ್ಮ ಕಡೆ ಬಾಟಲಿಗೆ ಇರೋ ಕಾನೂನೇ ಅವನಿಗೂ ಇರಲಿ."

ಮಗಳು ಆ ಮಾತಿನಿಂದ ಅವಳನ್ನು ಕಟ್ಟಿಹಾಕಿಬಿಟ್ಟಳು. ಯಾಕೆಂದರೆ ದುರ್ಬೀನಕ್ಕನ ಕೆಲಸವೇ ಅದು, ಅದರ ಕಾನೂನೂ ಅದೇ. ತುಂಬಿ ಮುಚ್ಚಳ ಹಾಕಿದ ಬಾಟಲಿಗಳು ಯಂತ್ರದ ಓಡುವ ಪಟ್ಟಿಯ ಮೇಲೆ ಸಾಲಾಗಿ ಬರುತ್ತವೆ. ಹಿಂದೆ ಹಾಲಿನಂಥ ಬೆಳಕಿನ ಹಲಗೆ. ಮುಂದೆ ಎತ್ತರದ ಸ್ಟೂಲಿನ ಮೇಲೆ ಕೂತ ಹೆಂಗಸು ಕಾರ್ಕಿನ ಪುಡಿ, ನೊಣದ ರೆಕ್ಕೆ, ಕೂದಲೆಳೆ, ಗಾಜಿನ ಚೂರು ಏನಿದ್ದರೂ ಹಿಡಿಯಬೇಕು. ಅನುಮಾನ ಬಂದ ಬಾಟಲಿಯನ್ನು ತೆಗೆದಿಡಬಹುದು. ಆದರೆ ಪಾಳಿ ಮುಗಿದ ಮೇಲೆ ತೆಗೆದಿಟ್ಟ ಒಂದೊಂದು ಬಾಟಲಿಯಲ್ಲೂ ತಪ್ಪು ಎಲ್ಲಿದೆ ಎಂದು ಸೂಪರ್‌ವೈಸರಿಗೆ ಬೆರಳಿಟ್ಟು ತೋರಿಸಬೇಕು. ತೋರಿಸಲಾಗದಿದ್ದರೆ ಬಾಟಲಿ ಮತ್ತೆ ಸಾಲಿಗೆ ಹೋಗುತ್ತದೆ, ತೆಗೆದವಳ ಮರ್ಯಾದೆ ಅಷ್ಟು ಕಡಿಮೆಯಾಗುತ್ತದೆ. ಕಣ್ಣು ಮಿಟುಕಿಸುವುದಕ್ಕೂ ಅಲ್ಲಿ ಒಂದು ಪದ್ಧತಿಯಿದೆ. ಎರಡು ಬಾಟಲಿಗಳ ನಡುವಿನ ಖಾಲಿ ಜಾಗ ಬಂದಾಗ ಮಾತ್ರ ಮಿಟುಕಿಸಬೇಕು. ಹೊಸಬರಿಗೆ ಇದು ಕೈಹತ್ತಲು ತಿಂಗಳುಗಟ್ಟಲೆ ಬೇಕು. ದುರ್ಬೀನಕ್ಕನಿಗೆ ಎಷ್ಟು ರೂಢಿಯಾಗಿತ್ತೆಂದರೆ, ಮನೆಯಲ್ಲಿ ಯಾರಾದರೂ ಮಾತಾಡುವಾಗಲೂ ಅವರು ಉಸಿರು ತೆಗೆದುಕೊಳ್ಳಲು ನಿಂತಾಗ ಮಾತ್ರ ಕಣ್ಣು ಮಿಟುಕಿಸುತ್ತಿದ್ದಳು. ಎದುರಿಗಿದ್ದವರಿಗೆ ತಾವೇನೋ ಸುಳ್ಳು ಹೇಳುತ್ತಿದ್ದೇವೆ ಎನಿಸಿ ಬೆವರು ಬರುತ್ತಿತ್ತು.

ಅವಳು ಕೆಲಸಕ್ಕೆ ಸೇರಿದಾಗ ಆ ಕಾರ್ಖಾನೆಯ ವೈನು ಊರಿನಾಚೆ ಹೋಗುತ್ತಿರಲಿಲ್ಲ. ದೊಡ್ಡ ಕ್ಯಾನುಗಳಲ್ಲಿ ಹತ್ತಿರದ ಅಂಗಡಿಗಳಿಗೆ ಹೋಗುತ್ತಿತ್ತು, ಕುಡಿಯುವವರು ತಳದ ಗಸಿಯನ್ನು ಉಗಿದು ಕುಡಿಯುತ್ತಿದ್ದರು. ಆಮೇಲೆ ಯಾವುದೋ ದೂರದ ಊರಿನ ಪಂದ್ಯದಲ್ಲಿ ಅವರ ಬಿಳಿ ವೈನಿಗೆ ಪದಕ ಬಂತು. ಪತ್ರಿಕೆಗಳು ಬರೆದವು. ಮಂತ್ರಿಗಳು ಬಂದು ಲೋಟ ಎತ್ತಿ ಫೋಟೋ ತೆಗೆಸಿಕೊಂಡರು. ತೋಟಗಳು ಗುಡ್ಡ ಹತ್ತಿದವು. ಕ್ಯಾನು ಹೋಗಿ ಬಾಟಲಿ ಬಂತು, ಬಾಟಲಿಯ ಜೊತೆ ಬೆಳಕಿನ ಹಲಗೆ ಬಂತು, ಬಂದರಿನ ಕಡೆ ಲಾರಿಗಳು ಸಾಲುಗಟ್ಟಿದವು. ಹೊರದೇಶದ ಊಟದ ಮೇಜುಗಳ ಮೇಲೆ ತಮ್ಮ ಗುಡ್ಡದ ಚಿತ್ರವಿರುವ ಬಾಟಲಿ ನಿಂತಿರುತ್ತದೆ ಎಂದು ಮ್ಯಾನೇಜರು ವರ್ಷಕ್ಕೊಮ್ಮೆ ಭಾಷಣದಲ್ಲಿ ಹೇಳುತ್ತಿದ್ದರು. ದುರ್ಬೀನಕ್ಕನಿಗೆ ಅದರಲ್ಲೂ ಅನುಮಾನವೇ. ಅಷ್ಟು ದೂರದವರು, ಅವರದೇ ವೈನು ಇರುವವರು, ನಮ್ಮದನ್ನು ಯಾಕೆ ಕುಡಿಯುತ್ತಾರೆ? ಏನೋ ಬೇರೆ ಕಾರಣ ಇರಬೇಕು. ಆ ಬೇರೆ ಕಾರಣ ಏನೆಂದು ಅವಳಿಗೆ ಗೊತ್ತಿರಲಿಲ್ಲ, ಆದರೂ ಇರಬೇಕು.

ಒಂದು ಅನುಮಾನ ಮಾತ್ರ ಅವಳು ಯಾರ ಮುಂದೆಯೂ ಆಡಿರಲಿಲ್ಲ. ಅದು ತನ್ನ ಕಣ್ಣಿನ ಮೇಲಿನ ಅನುಮಾನ.

ಎರಡು ವರ್ಷದಿಂದೀಚೆಗೆ ಬಾಟಲಿಯನ್ನು ಹತ್ತಿರ ತಂದಷ್ಟೂ ಅದರ ಅಂಚು ಮಂಜಾಗುತ್ತಿತ್ತು. ಅವಳು ಸ್ಟೂಲನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಇನ್ನೊಂದಿಷ್ಟು. ಕೈ ಪೂರ್ತಿ ಚಾಚಿ, ತಲೆ ವಾರೆ ಮಾಡಿ ನೋಡುವುದನ್ನು ಕಲಿತಳು. ಮಗಳು ಪೇಟೆ ಬೀದಿಯ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಮ್ಮ ಪೇಪರನ್ನು ಮಾರುದ್ದ ಹಿಡಿದು ಓದುವುದನ್ನು ನೋಡಿ, "ಒಂದು ದಿನ ಅಂಗಡಿಗೆ ಬಾ, ಕಣ್ಣು ನೋಡಿಸೋಣ" ಎಂದಳು. ದುರ್ಬೀನಕ್ಕ ಉರಿದುಬಿದ್ದಳು. ಹಿಂದೊಮ್ಮೆ ಜೊತೆಯವಳೊಬ್ಬಳು ಕನ್ನಡಕ ಹಾಕಿಕೊಂಡು ಬಂದ ವಾರವೇ ಅವಳನ್ನು ರಟ್ಟಿನ ಪೆಟ್ಟಿಗೆ ಮಡಚುವ ಕಡೆ ಕಳಿಸಿದ್ದರು. ಬೆಳಕಿನ ಮುಂದೆ ಕೂತವಳು ಅಲ್ಲಿಂದ ಎದ್ದು ಕತ್ತಲೆ ಶೆಡ್ಡಿನಲ್ಲಿ ರಟ್ಟು ಮಡಚುವುದೆಂದರೆ ಏನೆಂದು ಮಗಳಿಗೇನು ಗೊತ್ತು? ಅಥವಾ ಗೊತ್ತಿದ್ದೇ ಹೇಳುತ್ತಿದ್ದಾಳೋ? ಅಮ್ಮ ಆ ಸ್ಟೂಲಿನಿಂದ ಇಳಿದರೆ ಅಮ್ಮನ ಮಾತಿನ ತೂಕವೂ ಇಳಿಯುತ್ತದೆ, ಆಮೇಲೆ ಲೇಬಲ್ಲಿನವನನ್ನು ಮನೆಗೆ ತರುವುದು ಸುಲಭವಾಗುತ್ತದೆ.

ಹೀಗೆ ಅವಳು ಸ್ವಂತ ಮಗಳನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದ ದಿನಗಳಲ್ಲೇ ಆ ಸುದ್ದಿ ಬಂತು.

ಹೊಲಿಗೆಯ ಸೂಜಿಯಂತೆ ತೆಳ್ಳಗಿದ್ದ ಸೂಪರ್‌ವೈಸರಮ್ಮ ಊಟದ ಹೊತ್ತಿನಲ್ಲಿ ಬಂದು ನಿಂತರು. ಮುಖದಲ್ಲಿ ರಕ್ತವಿರಲಿಲ್ಲ. "ಚಳಿದೇಶದಿಂದ ದೂರು ಬಂದಿದೆ. ನಮ್ಮ ಬಿಳಿ ವೈನಿನ ಬಾಟಲಿಗಳ ತಳದಲ್ಲಿ ಗಾಜಿನ ಚೂರು ಇದೆಯಂತೆ. ಖರೀದಿ ಮಾಡೋ ಅಮ್ಮ ತಾನೇ ಹೊರಟು ಬರ್ತಿದ್ದಾರೆ. ಒಪ್ಪಿಗೆ ಆಗದಿದ್ರೆ ಆ ದೇಶಕ್ಕೆ ನಮ್ಮ ಬಾಟಲಿ ಇನ್ನು ಹೋಗಲ್ಲ."

"ಯಾವ ಸಲ ತುಂಬಿದ್ದು ಮೇಡಂ?" ದುರ್ಬೀನಕ್ಕ ಕೇಳಿದಳು.

"ಹಡಗು ಹೊರಡುತ್ತೆ ಅಂತ ಅವಸರ ಮಾಡಿದ್ರಲ್ಲ, ಆ ಸಲದ್ದು."

ಆ ಸಲದ ಬಾಟಲಿಗಳ ಮುಂದೆ ಹೆಚ್ಚು ಹೊತ್ತು ಕೂತವಳು ದುರ್ಬೀನಕ್ಕನೇ. ಉಳಿದವರು ದಣಿದಾಗ ತಾನೇ ಅವರ ಸ್ಟೂಲಿಗೂ ಹೋಗಿ ಕೂತಿದ್ದಳು, ತನ್ನ ಕಣ್ಣಿಗೆ ಏನೂ ಆಗಿಲ್ಲ ಎಂದು ತೋರಿಸುವುದಕ್ಕಾಗಿ.

ಅಂದಿನಿಂದ ಅವಳ ತಲೆಯೊಳಗೆ ವಿಚಾರಣೆ ಶುರುವಾಯಿತು. ಬಾಟಲಿ ಕೊಡುವ ಕಂಪನಿಯವರು ತೆಳುವಾದ ಗಾಜು ಕಳಿಸಿದರೇ? ಬಾಟಲಿ ತೊಳೆಯುವ ಯಂತ್ರದವನು ಕುತ್ತಿಗೆ ಚಿಪ್ಪೊಡೆದ ಬಾಟಲಿಗಳನ್ನು ಕಂಡೂ ಬಿಟ್ಟನೇ? ಪಕ್ಕದ ಸ್ಟೂಲಿನವಳು ಆ ದಿನ ಅಷ್ಟು ಸಲ ಆಕಳಿಸಿದ್ದೇಕೆ? ಎಲ್ಲರನ್ನೂ ಒಬ್ಬೊಬ್ಬರಾಗಿ ನಿಲ್ಲಿಸಿ ಕೇಳಿದಳು. ಕೊನೆಯಲ್ಲಿ ಕಟಕಟೆಯಲ್ಲಿ ಯಾವಾಗಲೂ ಉಳಿಯುತ್ತಿದ್ದದ್ದು ತನ್ನದೇ ಎರಡು ಕಣ್ಣು.

ಲೇಬಲ್ಲಿನವನು ಸಂಜೆ ಬಂದ. ಈ ಸಲ ಬಾಗಿಲಲ್ಲೇ ನಿಂತು ಮಾತಾಡಿದ.

"ಅಮ್ಮ, ನೀವು ಚಿಂತೆ ಮಾಡಬೇಡಿ. ಅದು ಗಾಜಲ್ಲ. ದ್ರಾಕ್ಷಿಯಲ್ಲೇ ಇರೋ ಒಂಥರಾ ಉಪ್ಪು. ಬಾಟಲಿ ತುಂಬಾ ತಣ್ಣಗಾದ್ರೆ ಹರಳುಗಟ್ಟಿ ತಳಕ್ಕೆ ಕೂರುತ್ತೆ. ತಿಂದರೂ ಏನೂ ಆಗಲ್ಲ. ನಮ್ಮ ಕೆಮಿಸ್ಟ್ ಹೇಳಿದ್ರು."

"ಇಷ್ಟು ವರ್ಷ ಕೂರದ ಉಪ್ಪು ಈ ವರ್ಷ ಯಾಕೆ ಕೂತ್ಕೊಂತು?"

"ತುಂಬೋ ಮೊದಲು ವೈನನ್ನ ತಣ್ಣನೆ ತೊಟ್ಟಿಯಲ್ಲಿ ಇಟ್ಟು ಆ ಉಪ್ಪನ್ನ ಅಲ್ಲೇ ಇಳಿಸಬೇಕು. ಈ ಸಲ ಹಡಗಿನ ಅವಸರಕ್ಕೆ ಬೇಗ ತೆಗೆದುಬಿಟ್ರು."

"ಇದನ್ನೂ ನೀನೇ ಬರೆದೆಯಾ?"

"ಬರೆದಿಲ್ಲ ಅಮ್ಮ. ನಿಜ."

"ಕಲ್ಲಿಗೆ ಪರಿಮಳ ಹಚ್ಚಿದೋನಿಗೆ ಗಾಜನ್ನ ಉಪ್ಪು ಮಾಡೋದು ಯಾವ ಕಷ್ಟ?"

ತೊಟ್ಟಿ ತಿಕ್ಕುವವರು ವರ್ಷಕ್ಕೊಮ್ಮೆ ಒಳಗೋಡೆಯಿಂದ ಕೆರೆದು ಹೊರಹಾಕುವ ಕೊಳಕು ಕೆಂಪು ಚಕ್ಕೆಗಳನ್ನು ದುರ್ಬೀನಕ್ಕ ನೋಡಿದ್ದಳು. ಅದೂ ಇದೇ ಉಪ್ಪು, ಅದಕ್ಕೂ ಈ ದೂರಿಗೂ ನಂಟಿದೆ ಎಂದು ಅವಳಿಗೆ ಹೊಳೆಯಲಿಲ್ಲ. ಬಾಟಲಿಯ ಆಚೆಗಿನ ಲೋಕ ಅವಳದ್ದಲ್ಲ. ಅವಳಿಗೆ ಕಂಡದ್ದು ಇಷ್ಟೇ: ಆಫೀಸಿನವರು ಒಂದು ಕತೆ ಕಟ್ಟಿದ್ದಾರೆ, ಕಟ್ಟುವ ಕೈ ಇವನದ್ದು. ಕತೆ ನಿಂತರೆ ಎಲ್ಲರೂ ಬಚಾವು. ಬಿದ್ದರೆ ಬೆಳಕಿನ ಮುಂದೆ ಕೂತವಳ ತಲೆ ಮೇಲೆ ಬೀಳುತ್ತದೆ.

"ಅಷ್ಟು ಅನುಮಾನ ಇದ್ರೆ ಹೂಂ ಅನ್ನಬೇಡ ಅಮ್ಮ, ಆದರೆ ಬಾಗಿಲಲ್ಲಿ ನಿಂತವರನ್ನ ಒಳಗಾದ್ರೂ ಕರಿ," ಮಗಳು ಒಳಗಿನಿಂದ ಹೇಳಿದಳು.

"ಬೂಟು ಬಿಚ್ಚೋದು ತಡ ಅವನಿಗೆ," ಎಂದಳು ದುರ್ಬೀನಕ್ಕ.

ಖರೀದಿಯ ಅಮ್ಮ ಬಂದ ದಿನ ಕಾರ್ಖಾನೆಯ ಅಂಗಳಕ್ಕೆ ನೀರು ಹಾಕಿ ತೊಳೆದಿದ್ದರು. ಒದ್ದೆ ಕಲ್ಲಿನ ಮೇಲೆ ಕಾರು ಬಂದು ನಿಂತಿತು. ಎತ್ತರದ, ನರೆತ ಕೂದಲಿನ ಹೆಂಗಸು, ಕತ್ತಿನಲ್ಲಿ ದಾರ ಕಟ್ಟಿದ ಕನ್ನಡಕ, ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಬಾಟಲಿ. ಆಕೆ ಆಫೀಸಿಗೆ ಹೋಗಲಿಲ್ಲ. ನೇರ ಬೆಳಕಿನ ಹಲಗೆಯ ಹತ್ತಿರ ಬಂದು ನಿಂತಳು. ಪಟ್ಟಿ ನಿಲ್ಲಿಸಿದರು. ಯಂತ್ರದ ಸದ್ದು ಅಡಗಿದ ಮೇಲೆ ಆ ದೊಡ್ಡ ಕೋಣೆಯಲ್ಲಿ ಎಲ್ಲೋ ನಲ್ಲಿ ಸೋರುವುದೂ ಕೇಳಿಸುತ್ತಿತ್ತು. ಸೂಪರ್‌ವೈಸರಮ್ಮ ಹಿಂದೆ ನಿಂತಿದ್ದರು, ಮ್ಯಾನೇಜರು ಮುಂದೆ. ಲೇಬಲ್ಲಿನವನು ಇಬ್ಬರ ನಡುವೆ.

ಅವನು ಆ ಹೆಂಗಸಿಗೆ ಏನೋ ಹೇಳಿದ. ಉದ್ದಕ್ಕೆ ಹೇಳಿದ. ದುರ್ಬೀನಕ್ಕನಿಗೆ ಆ ಭಾಷೆ ಬಾರದು. ಅವಳು ಅವನ ತುಟಿಗಳನ್ನೇ ನೋಡುತ್ತ ಕೂತಳು. ಅವನ ಕೈ ಒಮ್ಮೆ ತೊಟ್ಟಿಗಳ ಕಡೆ ಹೋಯಿತು, ಒಮ್ಮೆ ಬಾಟಲಿಯ ಕಡೆ, ಒಮ್ಮೆ ದುರ್ಬೀನಕ್ಕನ ಕಡೆ. ತನ್ನ ಕಡೆ ಯಾಕೆ ತೋರಿಸಿದ? ಆ ಹೆಂಗಸು ತಲೆ ಅಲ್ಲಾಡಿಸಿದಳು, ನಂಬಲಿಲ್ಲವೆಂದು ಯಾರಿಗಾದರೂ ತಿಳಿಯುವಂತೆ. ಏನೋ ಕೇಳಿದಳು.

ಲೇಬಲ್ಲಿನವನು ಇತ್ತ ತಿರುಗಿದ. "ಅಮ್ಮ, ಆಫೀಸಿನವರ ಮಾತು ಬೇಡ, ದಿನಾ ಬಾಟಲಿ ನೋಡೋರು ಹೇಳಲಿ ಅಂತಿದ್ದಾರೆ. ಇದರ ತಳದಲ್ಲಿ ಏನು ಕಾಣುತ್ತೆ ಅಂತ ನಿಮ್ಮನ್ನೇ ಕೇಳ್ತಿದ್ದಾರೆ."

ಬಾಟಲಿ ಅವಳ ಕೈಗೆ ಬಂತು. ಮ್ಯಾನೇಜರು ಬಗ್ಗಿ, ಸಕ್ಕರೆಯಂಥ ದನಿಯಲ್ಲಿ ಹೇಳಿದರು. "ಹರಳು ಅಂತ ಹೇಳಮ್ಮ. ಹರಳೇ ಅದು. ಅಷ್ಟು ಹೇಳಿಬಿಡು, ಸಾಕು."

ಆ ಮಾತು ಇಲ್ಲದಿದ್ದರೆ ಅವಳು ಏನೆನ್ನುತ್ತಿದ್ದಳೋ ತಿಳಿಯದು. ಹೇಳಿಕೊಟ್ಟದ್ದನ್ನು ಹೇಳು ಎಂದ ಕೂಡಲೇ ಅವಳ ಕಿವಿ ನೆಟ್ಟಗಾಯಿತು. ಹರಳೇ ಆಗಿದ್ದರೆ ಹೇಳಿಕೊಡುವುದೇಕೆ? ಅವಳು ಬಾಟಲಿಯನ್ನು ಕೈ ಪೂರ್ತಿ ಚಾಚಿ ಬೆಳಕಿಗೆ ಹಿಡಿದಳು. ತಲೆ ವಾರೆ ಮಾಡಿದಳು. ಅರ್ಧ ಸುತ್ತು ತಿರುಗಿಸಿದಳು. ತಳದಿಂದ ಚೂರುಗಳು ಎದ್ದು, ಮಿಣಮಿಣ ಹೊಳೆದು, ಮೆಲ್ಲಗೆ ಇಳಿದವು. ಅಂಚು ಚೂಪಾಗಿತ್ತು. ಬಣ್ಣವಿರಲಿಲ್ಲ. ಇಷ್ಟು ವರ್ಷ ಅವಳು ಯಾವುದಕ್ಕಾಗಿ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳೋ ಅದು. ತನ್ನ ಕೈದಾಟಿ ಹೋಗಿದೆ. ಒಪ್ಪಿಕೊಂಡರೆ ಸ್ಟೂಲು ಹೋಗುತ್ತದೆ. ಆದರೆ ಕಂಡದ್ದನ್ನು ಕಂಡಿಲ್ಲ ಎನ್ನುವುದು ಅವಳಿಗೆ ಬಾರದು.

"ಗಾಜು," ಎಂದಳು.

ಮ್ಯಾನೇಜರ ಮುಖ ಕಪ್ಪಿಟ್ಟಿತು. ಅವರು ಲೇಬಲ್ಲಿನವನ ಕಡೆ ನೋಡದೆ, ತುಟಿ ಅಲ್ಲಾಡಿಸದೆ ಹೇಳಿದರು. "ಹರಳು ಅಂದ್ಲು ಅಂತ ಹೇಳು. ಅವರಿಗೇನು ಗೊತ್ತಾಗುತ್ತೆ."

ದುರ್ಬೀನಕ್ಕ ಅದನ್ನು ಕೇಳಿದಳು. ಅವನೂ ಕೇಳಿದ. ಅವಳಿಗೆ ಪರದೇಶದ ಆ ಭಾಷೆಯಲ್ಲಿ ಒಂದೇ ಒಂದು ಪದ ಗೊತ್ತಿತ್ತು, ಗಾಜು ಎನ್ನುವ ಪದ. ಪ್ರತಿ ರಟ್ಟಿನ ಪೆಟ್ಟಿಗೆಯ ಮೇಲೆ ಒಡೆದ ಲೋಟದ ಚಿತ್ರದ ಕೆಳಗೆ ಅದು ಅಚ್ಚಾಗಿರುತ್ತಿತ್ತು, ಲಾರಿಗೆ ಪೆಟ್ಟಿಗೆ ಏರಿಸುವವರು ಹುಷಾರು ಎನ್ನುವ ಬದಲು ಅದನ್ನೇ ಕೂಗುತ್ತಿದ್ದರು. ಅವಳಿಗೆ ಆ ಪದ ಗೊತ್ತೆಂದು ಅವನಿಗೆ ತಿಳಿದಿರಲಿಲ್ಲ. ಅವಳು ಕಣ್ಣು ಮಿಟುಕಿಸದೆ ಅವನ ಬಾಯಿ ನೋಡಿದಳು. ಮುಂದಿರುವುದು ಬಾಟಲಿಯಲ್ಲ, ಇವನು. ಈಗ ತಳದಲ್ಲಿ ಇರುವುದು ಮೇಲೇಳುತ್ತದೆ.

ಅವನ ಮಟ್ಟಿಗೆ ಅದು ಹರಳೇ. ಹರಳು ಎಂದುಬಿಟ್ಟರೆ ಸುಳ್ಳೂ ಆಗುವುದಿಲ್ಲ, ಕೆಲಸವೂ ಉಳಿಯುತ್ತದೆ, ಅತ್ತೆಯಾಗುವವಳ ಸ್ಟೂಲೂ ಉಳಿಯುತ್ತದೆ. ಅವನು ಖರೀದಿಯ ಅಮ್ಮನ ಕಡೆ ತಿರುಗಿ, ಸ್ಪಷ್ಟವಾಗಿ, ಪೆಟ್ಟಿಗೆಯ ಮೇಲಿನ ಆ ಪದವನ್ನೇ ಹೇಳಿದ.

ದುರ್ಬೀನಕ್ಕ ಆಗ ಕಣ್ಣು ಮಿಟುಕಿಸಿದಳು.

ಆ ಹೆಂಗಸು ಬಾಟಲಿಗೆ ಮತ್ತೆ ಬಟ್ಟೆ ಸುತ್ತತೊಡಗಿದಳು. ಮ್ಯಾನೇಜರು ಹಣೆ ಒರೆಸಿಕೊಂಡರು. ಲೇಬಲ್ಲಿನವನು ಎರಡೂ ಭಾಷೆಯಲ್ಲಿ ಒಂದೊಂದು ಸಲ ಹೇಳಿದ. "ಒಂದು ಲೋಟ ಬಿಸಿನೀರು ತರಿಸಿ. ಉಪ್ಪಾದ್ರೆ ಕರಗುತ್ತೆ, ಗಾಜಾದ್ರೆ ಉಳಿಯುತ್ತೆ."

"ನೀರು ನಾನು ತರ್ತೀನಿ," ಎಂದು ದುರ್ಬೀನಕ್ಕ ಸ್ಟೂಲಿನಿಂದ ಇಳಿದಳು. "ನಾನು ಬರೋವರೆಗೂ ಆ ಬಾಟಲೀನ ಯಾರೂ ಮುಟ್ಟಬೇಡಿ. ಸಾರ್, ನೀವೂ."

ಕ್ಯಾಂಟೀನಿನಲ್ಲಿ ಎರಡು ಲೋಟಗಳನ್ನು ತಾನೇ ತೊಳೆದು, ಕೆಟಲಿನಿಂದ ಬಿಸಿನೀರು ಬಗ್ಗಿಸಿದಳು. ದಾರಿಯಲ್ಲಿ ಬರುವಾಗ ಎರಡನ್ನೂ ಬೆಳಕಿಗೆ ಹಿಡಿದು ನೋಡಿದಳು. ಒಡೆದ ಬಾಟಲಿಗಳ ಡಬ್ಬಿಯಿಂದ ಇರುವೆಯ ತಲೆಯಷ್ಟು ಚಿಕ್ಕ ಚೂರುಗಳನ್ನು ಹೆಕ್ಕಿ ಒಂದು ಲೋಟಕ್ಕೆ ಹಾಕಿದಳು. ಬಾಟಲಿಯ ವೈನನ್ನು ಮೆಲ್ಲಗೆ ಬಸಿದು, ತಳದಲ್ಲಿ ಉಳಿದದ್ದನ್ನು ಇನ್ನೊಂದು ಲೋಟಕ್ಕೆ ಕೊಡವಿದಳು. ಚಮಚದಿಂದ ಎರಡನ್ನೂ ಕಲಕಿದಳು. ಒಂದು ಲೋಟದಲ್ಲಿ ಚಿಣಿಚಿಣಿ ಸದ್ದು ಬರುತ್ತಲೇ ಇತ್ತು. ಇನ್ನೊಂದರಲ್ಲಿ ಸ್ವಲ್ಪ ಹೊತ್ತು ಬಂದು ನಿಂತಿತು. ಅವಳು ಅದನ್ನು ಬೆಳಕಿಗೆ ಹಿಡಿದಳು. ತಿಳಿನೀರು. ತಳ ಖಾಲಿ.

ಅವಳು ಲೋಟ ಕೆಳಗಿಡಲಿಲ್ಲ. ತಿರುಗಿಸಿದಳು, ಮತ್ತೆ ತಿರುಗಿಸಿದಳು. "ಇನ್ನೊಂದು ಬಾಟಲಿ ಇದೆಯಾ ಅಂತ ಕೇಳು," ಎಂದಳು. ಖರೀದಿಯ ಅಮ್ಮನ ಕಾರಿನಲ್ಲಿ ಇನ್ನೊಂದಿತ್ತು. ಅದನ್ನೂ ತಂದರು. ಅದರ ತಳದ್ದೂ ಕರಗಿತು. ದುರ್ಬೀನಕ್ಕ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು. ಹುಳಿ. ಕಾಯಿದ್ರಾಕ್ಷಿಯ ಹುಳಿ.

"ಹರಳೇ," ಎಂದಳು, ಯಾರಿಗೂ ಅಲ್ಲ ಎಂಬಂತೆ. ಅವಳಿಗೆ ಖುಷಿಯಾಗಬೇಕಿತ್ತು, ಗಾಜು ತನ್ನ ಕೈದಾಟಿ ಹೋಗಿರಲಿಲ್ಲ. ಆದರೆ ಇನ್ನೊಂದು ವಿಷಯ ಉಳಿದಿತ್ತು. ಎದುರಿಗೇ ಹಿಡಿದು ನೋಡಿದರೂ ತನ್ನ ಕಣ್ಣು ಗಾಜಿಗೂ ಹರಳಿಗೂ ಭೇದ ಹೇಳಲಿಲ್ಲ.

ಖರೀದಿಯ ಅಮ್ಮ ಆ ಲೋಟವನ್ನು ತೆಗೆದುಕೊಂಡು ನೋಡಿದಳು, ನಕ್ಕಳು, ದುರ್ಬೀನಕ್ಕನ ಕಡೆ ತಿರುಗಿ ಏನೋ ಹೇಳಿದಳು. ಮ್ಯಾನೇಜರೂ ನಕ್ಕರು, ಅರ್ಥವಾಗದೆ. ಲೇಬಲ್ಲಿನವನು ಮಾತ್ರ ನೆಲ ನೋಡಿದ.

"ಏನಂದ್ರು?" ದುರ್ಬೀನಕ್ಕ ಕೇಳಿದಳು.

"ಒಳ್ಳೇದೇ ಅಂದ್ರು ಅಮ್ಮ."

"ಅಂದಿದ್ದನ್ನ ಅಂದ ಹಾಗೇ ಹೇಳು."

ಅವನು ತಲೆ ಎತ್ತಿದ. "ಮ್ಯಾನೇಜರ ಮುಂದೆ ಗಾಜು ಅಂದೋರು ನೋಡಿ ಕಳಿಸಿದ ಬಾಟಲಿ ಆದರೆ ನಾನು ಕಣ್ಣು ಮುಚ್ಚಿ ತಗೋತೀನಿ, ಅಂ‌ದ್ರು. ಇನ್ನು ಮೇಲೆ ತಣ್ಣನೆ ತೊಟ್ಟಿಯಲ್ಲಿ ಅವಸರ ಮಾಡಬಾರದು ಅಂದ್ರು. ಆಮೇಲೆ..." ಅವನು ಅವಳನ್ನೇ ನೋಡಿದ. "ಆಮೇಲೆ, ಈ ಅಮ್ಮನಿಗೆ ಒಂದು ಕನ್ನಡಕ ಬೇಕು, ಕನ್ನಡಕ ಹಾಕೋ ಮೊದಲು ನಾನು ಹಿಡೀತಿದ್ದ ಹಾಗೇ ಬಾಟಲೀನ ದೂರ ಹಿಡೀತಾರೆ, ಅಂದ್ರು."

ಸೂಪರ್‌ವೈಸರಮ್ಮ ಮುಖ ಬೇರೆ ಕಡೆ ತಿರುಗಿಸಿದರು. ಎರಡು ವರ್ಷ ಕಾರ್ಖಾನೆಯಲ್ಲಿ ಯಾರಿಗೂ ತಿಳಿಯದಂತೆ ಬಚ್ಚಿಟ್ಟದ್ದು ಎಲ್ಲರ ಎದುರು, ತನ್ನದೇ ಭಾಷೆಯಲ್ಲಿ, ಈ ಹುಡುಗನ ಬಾಯಿಂದ ಹೊರಬಿದ್ದಿತ್ತು. ಬೇಕಾಗಿದ್ದರೆ ಅವನು ಕೊನೆಯ ಮಾತನ್ನು ನುಂಗಬಹುದಿತ್ತು. ಅವಳಿಗೆ ಗೊತ್ತೂ ಆಗುತ್ತಿರಲಿಲ್ಲ. ದುರ್ಬೀನಕ್ಕ ಅವನನ್ನು ಒಂದು ಗಳಿಗೆ ನೋಡಿದಳು.

"ಸರಿ," ಎಂದು ಲೋಟಗಳನ್ನು ತೊಳೆಯಲು ತೆಗೆದುಕೊಂಡು ಹೋದಳು.

ಆ ದೇಶದ ವ್ಯಾಪಾರ ಉಳಿಯಿತು. ಆದರೆ ಹೇಳಿದಂತೆ ಕೇಳದವನೆಂದು ಮ್ಯಾನೇಜರು ಲೇಬಲ್ಲಿನವನನ್ನು ಎಷ್ಟೋ ತಿಂಗಳು ಅತಿಥಿಗಳ ಹತ್ತಿರ ಸುಳಿಯಗೊಡಲಿಲ್ಲ. ಖರೀದಿಯ ಅಮ್ಮ ಮತ್ತೆ ಬಂದು ಆ ಹುಡುಗನೇ ಬೇಕೆಂದು ಕೂತಾಗ ಮಾತ್ರ ಕರೆಸಿದರು.

ಬಿಸಿನೀರಿನ ಪರೀಕ್ಷೆ ನಡೆದ ಮರುದಿನವೇ ಕೆಲಸ ಮುಗಿಸಿ ದುರ್ಬೀನಕ್ಕ ಪೇಟೆ ಬೀದಿಗೆ ಹೋದಳು. ಕನ್ನಡಕದ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು, ಗಾಜಿನ ಕಪಾಟಿನಲ್ಲಿ ಬೆರಳಚ್ಚು ಹುಡುಕಿ, ಸಿಕ್ಕಿದ ಮೇಲೆ ಒಳಗೆ ಹೋದಳು. ಮಗಳು ಕುರ್ಚಿ ತೋರಿಸಿದಳು. ಗೋಡೆಯ ಮೇಲಿನ ಅಕ್ಷರಗಳಲ್ಲಿ ಅವಳು ತಪ್ಪಲಿಲ್ಲ. ಕೈಗೆ ಕೊಟ್ಟ ಸಣ್ಣಕ್ಷರದ ಹಾಳೆಯಲ್ಲಿ ಎಲ್ಲ ಸಾಲೂ ತಪ್ಪಿತು. ಮಗಳು ಭಾರದ ಚೌಕಟ್ಟೊಂದನ್ನು ಅವಳ ಮೂಗಿನ ಮೇಲೆ ಕೂರಿಸಿ, ಗಾಜು ಬದಲಾಯಿಸುತ್ತ ಹೋದಳು.

"ಈಗ?"

"ಮಂಜು."

"ಈಗ?"

ದುರ್ಬೀನಕ್ಕ ತನ್ನ ಅಂಗೈ ನೋಡಿಕೊಂಡಳು. ಆಮೇಲೆ ಮಗಳ ಮುಖ ನೋಡಿದಳು, ಬಲು ಹತ್ತಿರದಿಂದ. ಕಣ್ಣಿನ ಕೆಳಗೆ ನಿದ್ದೆ ಕೆಟ್ಟ ಗೆರೆಗಳಿದ್ದವು. ಇಷ್ಟು ದಿನ ಅವು ಅವಳಿಗೆ ಕಂಡಿರಲಿಲ್ಲ.

"ಕಾಣ್ತಿದೆ," ಎಂದಳು. ಚೌಕಟ್ಟನ್ನು ಮೂಗಿನ ಮೇಲೆ ಸರಿಮಾಡಿಕೊಂಡು, "ಅವನಿಗೆ ಹೇಳು, ಬೂಟಿನ ಹಿಮ್ಮಡಿ ಒರೆಸಿಕೊಂಡು ಒಂದು ದಿನ ಬರಲಿ. ಹೂಂ ಅಂತೀನಿ."

ಮಗಳ ಕೈಯಲ್ಲಿದ್ದ ಗಾಜು ಜಾರಿ ಪೆಟ್ಟಿಗೆಗೆ ಬಿತ್ತು. "ಏನು ಕಂಡಿತಮ್ಮ ಅವನಲ್ಲಿ?"

"ಏನೂ ಕಾಣಲಿಲ್ಲ. ಅದಕ್ಕೇ. ಒದ್ದೆ ಕಲ್ಲಿನ ವಿಷಯ ಮಾತ್ರ ನಾನು ಸಾಯೋವರೆಗೂ ಒಪ್ಪಲ್ಲ ಅಂತಾನೂ ಹೇಳು."

ಅವನು ಬಂದ. ಹಿಮ್ಮಡಿ ಹೊಳೆಯುತ್ತಿತ್ತು. ನೀರು ಕೊಡುವಾಗ ಅವಳು ಲೋಟವನ್ನು ಕಿಟಕಿಗೆ ಹಿಡಿದಳು, ಅವನೂ ಹಿಡಿದ. ಆ ಮೊದಲ ದಿನ ಅಣಕಿಸಿದೆಯಾ ಎಂದು ಅವಳು ಕೊನೆಗೂ ಕೇಳಿಯೇಬಿಟ್ಟಳು. "ಸ್ವಲ್ಪ," ಎಂದ ಅವನು. ಗಂಡನಿಗೆ ಆ ಮಾತು ಚೆನ್ನಾಗಿ ಕೇಳಿಸಿತು. ಅವನು ಕೆಮ್ಮು ಬರುವವರೆಗೆ ನಕ್ಕ.

ಮಗಳ ಮದುವೆಯಾಗಿ ವರ್ಷಗಳಾದವು. ಖರೀದಿಯ ಅಮ್ಮ ಹಾಗೆ ಹೇಳಿಹೋದ ಮೇಲೆ, ಕನ್ನಡಕ ಹಾಕಿದವಳನ್ನು ರಟ್ಟಿನ ಶೆಡ್ಡಿಗೆ ಕಳಿಸುವ ಪದ್ಧತಿ ಆ ಕಾರ್ಖಾನೆಯಲ್ಲಿ ನಿಂತುಹೋಗಿದೆ. ದುರ್ಬೀನಕ್ಕ ಈಗಲೂ ಅದೇ ಸ್ಟೂಲಿನ ಮೇಲೆ ಕೂತು, ಕನ್ನಡಕ ಹಾಕಿಕೊಂಡು, ಹೊರದೇಶಕ್ಕೆ ಹೋಗುವ ಬಿಳಿ ವೈನಿನ ಬಾಟಲಿಗಳನ್ನು ನೋಡುತ್ತಾಳೆ. ಹೊಸದಾಗಿ ಸೇರಿದವರಿಗೆ ಒಂದು ಲೋಟ ಬಿಸಿನೀರು ತರಲು ಹೇಳಿ, ಗಾಜು ಯಾವುದು ಹರಳು ಯಾವುದು ಎಂದು ಕಲಿಸುತ್ತಾಳೆ.